ಶುಗರ್, ಬಿಪಿ, ಥೈರಾಯ್ಡ್ ಮಾತ್ರೆ ತಗೊಳ್ಳೋರು ರಕ್ತ ಕೊಡಬಹುದಾ? ಅಂಗಾಂಗ ದಾನಕ್ಕೆ ಹೆಸರು ಬರೆಸಿದ್ರೆ ಏನಾದ್ರೂ ಉಪಯೋಗ ಇದೆಯಾ?

ತುಂಗಾತೀರ (ಪ್ರಶ್ನೆ)

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರ್ ಮಾಡ್ಕೋಬೇಡಿ.

ನಂಗೆ 47 ವರ್ಷ, ಶಿವಮೊಗ್ಗ ಕಡೆಯವನು, ಬ್ಲಡ್ ಗ್ರೂಪ್ ಓ ನೆಗೆಟಿವ್. ಕಾಲೇಜಲ್ಲಿ ಎನ್‌ಎಸ್‌ಎಸ್ ಕ್ಯಾಂಪಿಂದ ಶುರುವಾಗಿದ್ದು, ಆಮೇಲೆ ವರ್ಷಕ್ಕೊಂದೆರಡು ಸಲ ಆದ್ರೂ ರಕ್ತ ಕೊಡ್ತಾನೇ ಇದ್ದೆ. ನಮ್ಮ ಗ್ರೂಪ್ ಸಿಗೋದು ಕಷ್ಟ ಅಂತ ಗೊತ್ತಿರೋರೆಲ್ಲ ನನ್ನ ನಂಬರ್ ಇಟ್ಕೊಂಡಿದಾರೆ, ರಾತ್ರಿ ಹನ್ನೊಂದಕ್ಕೂ ಫೋನ್ ಬರತ್ತೆ, ಅದರ ಬಗ್ಗೆ ಯಾವತ್ತೂ ಬೇಸರ ಇಲ್ಲ.

ಮೂರ್ನಾಲ್ಕು ವರ್ಷದ ಹಿಂದೆ ಶುಗರ್ ಬಂತು. ಮೆಟ್‌ಫಾರ್ಮಿನ್ 500 ಬೆಳಿಗ್ಗೆ ಒಂದು ರಾತ್ರಿ ಒಂದು, ಮೂರು ತಿಂಗಳ ಸರಾಸರಿ 6.8 ಇದೆ. ಅದಕ್ಕೂ ಮುಂಚಿಂದಾನೇ ಥೈರಾಯ್ಡ್ ಕಡಿಮೆ ಅಂತ 50ರ ಮಾತ್ರೆ ಖಾಲಿ ಹೊಟ್ಟೆಗೆ ತಗೊಳ್ತೀನಿ. ಈಗ ಬಿಪಿಯೂ ಸೇರ್ಕೊಂಡಿದೆ, ಟೆಲ್ಮಿಸಾರ್ಟನ್ 20 ಇದ್ದಿದ್ದನ್ನ ಎರಡು ವಾರದ ಹಿಂದೆ ಡಾಕ್ಟ್ರು 40 ಮಾಡಿದ್ರು. ಇಷ್ಟು ಬಿಟ್ರೆ ಆರಾಮಾಗಿದೀನಿ, ಬೆಳಿಗ್ಗೆ ವಾಕಿಂಗು, ತೋಟದ ಕೆಲಸ, ಎಲ್ಲಾ ನಡೀತಿದೆ.

ಶುಗರ್ ಬಂದ ಮೇಲೆ ಒಂದು ಕ್ಯಾಂಪಿಗೆ ಹೋಗಿದ್ದೆ, ಫಾರಂ ತುಂಬುವಾಗ್ಲೇ ಅಲ್ಲಿದ್ದ ಹುಡುಗ "ಸಾರ್ ಶುಗರ್ರಾ, ಆಗಲ್ಲ ಬಿಡಿ" ಅಂದ. ಬಿಪಿ ನೋಡ್ಲಿಲ್ಲ, ಡಾಕ್ಟ್ರ ಹತ್ರಾನೂ ಕಳಿಸ್ಲಿಲ್ಲ. ಸರಿ ಅಂತ ಬಂದೆ, ಆಮೇಲೆ ಹೋಗೇ ಇಲ್ಲ. ಈಗ ಮೊನ್ನೆ ನಮ್ಮ ಪಕ್ಕದ ಬೀದಿಯ ಹೆಣ್ಮಗಳಿಗೆ ಹೆರಿಗೇಲಿ ರಕ್ತ ಬೇಕಾಗಿ ಓ ನೆಗೆಟಿವ್‌ಗೆ ಪರದಾಡಿದ್ರು, ನಾನು ಮನೇಲೇ ಕೂತಿದ್ದೆ, ಆಗಿಂದ ತಲೇಲಿ ಇದೇ ಕೊರೀತಿದೆ.

ಇನ್ನೊಂದು, ಅಂಗಾಂಗ ದಾನಕ್ಕೆ ಹೆಸರು ಬರೆಸೋಣ ಅಂತ ಹೊರಟ್ರೆ ಮನೆಯವಳು "ನಿಮ್ಮ ಕಿಡ್ನಿ ಯಾರಿಗೆ ಬೇಕು, ಶುಗರ್ ತಿಂದಿರತ್ತೆ" ಅಂತ ನಗ್ತಾಳೆ. ತಮಾಷೆಗೆ ಅಂದಿದ್ದೇ, ಆದ್ರೆ ನಿಜ ಇರಬಹುದೇನೋ ಅನ್ಸತ್ತೆ. ಗೊತ್ತಿರೋರು ಹೇಳಿ. ಗೂಗಲ್ ಮಾಡಿದ್ರೆ ಒಂದ್ಕಡೆ ಕೊಡಬಹುದು ಒಂದ್ಕಡೆ ಕೊಡಬಾರ್ದು ಅಂತಿದೆ.

ಬುಲೆಟ್_ಬಾಸ್

ಅಣ್ಣಾ ಇಷ್ಟೆಲ್ಲಾ ತಲೆ ಯಾಕೆ ಕೆಡಿಸ್ಕೊಳ್ತೀಯ, ಫಾರಂನಲ್ಲಿ ಎಲ್ಲದಕ್ಕೂ ಇಲ್ಲ ಅಂತ ಟಿಕ್ ಹೊಡಿ, ಮಲ್ಕೋ, ಕೊಡು, ಬಾ. ಅವರೇನು ಶುಗರ್ ಟೆಸ್ಟ್ ಮಾಡಲ್ಲ. ನಮ್ಮ ದೊಡ್ಡಪ್ಪ ಹಂಗೇ ಕೊಡ್ತಿದ್ರು ಏನೂ ಆಗ್ಲಿಲ್ಲ. ಓ ನೆಗೆಟಿವ್ ಇಟ್ಕೊಂಡು ಮನೇಲಿ ಕೂತ್ಕೊಳ್ಳೋದು ಪಾಪ.

ಲ್ಯಾಬ್_ಕೋಟು

ಮೇಲಿನವರ ಮಾತು ದಯವಿಟ್ಟು ಕೇಳ್ಬೇಡಿ. ನಾನು ರಕ್ತನಿಧಿಯಲ್ಲಿ ಟೆಕ್ನಿಶಿಯನ್ನು, ದಿನಾ ಇದೇ ಕೆಲಸ. ಸುಳ್ಳು ಟಿಕ್ ಹೊಡ್ದು ಮಲಗಿದೋರು ಅರ್ಧ ಬ್ಯಾಗ್ ಆಗೋ ಹೊತ್ತಿಗೆ ಬೆವ್ರು ಕಿತ್ಕೊಂಡು ಕಣ್ಣು ಮೇಲೆ ಮಾಡಿರೋದು ನೋಡಿದೀನಿ. ಆಗ ಆ ಬ್ಯಾಗೂ ಹೋಯ್ತು, ಕೊಟ್ಟೋರಿಗೂ ಹಿಂಸೆ. ಮಾತ್ರೆ ಮುಚ್ಚಿಟ್ಟಿದ್ರಂತೂ ನಮಗೆ ಯಾಕೆ ಹಿಂಗಾಯ್ತು ಅಂತಾನೇ ಗೊತ್ತಾಗಲ್ಲ.

ಈಗ ತುಂಗಾತೀರ ಅವ್ರ ಪ್ರಶ್ನೆಗೆ. ನಮ್ಮ ದೇಶದಲ್ಲಿ ಇದಕ್ಕೆ ನಿಯಮ ಇದೆ. ರಾಷ್ಟ್ರೀಯ ರಕ್ತ ವರ್ಗಾವಣೆ ಮಂಡಳಿ 2017ರಲ್ಲಿ ದಾನಿಗಳ ಆಯ್ಕೆಗೆ ಮಾರ್ಗಸೂಚಿ ಹೊರಡಿಸ್ತು, 2020ರಲ್ಲಿ ಔಷಧ ನಿಯಮಗಳಿಗೂ ತಿದ್ದುಪಡಿ ಆಯ್ತು. ಅದರ ಪ್ರಕಾರ ಶುಗರ್ ಇದೆ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ವಾಪಸ್ ಕಳಿಸೋ ಹಾಗಿಲ್ಲ. ಪಥ್ಯದಲ್ಲೋ ಮಾತ್ರೇಲೋ ಶುಗರ್ ಕಂಟ್ರೋಲಲ್ಲಿದ್ದು, ನರದ ತೊಂದ್ರೆ (ಕಾಲು ಜೋಮು, ಉರಿ), ರಕ್ತನಾಳದ ತೊಂದ್ರೆ, ಇನ್ಫೆಕ್ಷನ್ನು, ಎದ್ದು ನಿಂತಾಗ ಬಿಪಿ ಇಳಿಯೋದು ಇವ್ಯಾವುದೂ ಇಲ್ದಿದ್ರೆ ತಗೋಬಹುದು. ಇನ್ಸುಲಿನ್ ತಗೊಳ್ಳೋರಿಂದ ಮಾತ್ರ ತಗೊಳ್ಳಲ್ಲ, ಅದು ಶಾಶ್ವತ ನಿರಾಕರಣೆ. ಆ ಕ್ಯಾಂಪಿನ ಹುಡುಗ ಎರಡನ್ನೂ ಒಂದೇ ಮಾಡಿದಾನೆ, ಇದು ತುಂಬಾ ಕಡೆ ಆಗತ್ತೆ. ಕ್ಯಾಂಪಲ್ಲಿ ಫಾರಂ ತುಂಬಿಸೋರು ಎಷ್ಟೋ ಸಲ ಸ್ವಯಂಸೇವಕರು, ಅವರಿಗೆ ಹೂಂ ಅನ್ನೋ ಅಧಿಕಾರಾನೂ ಇಲ್ಲ ಊಹೂಂ ಅನ್ನೋದೂ ಇಲ್ಲ, ಅದು ಅಲ್ಲಿರೋ ಮೆಡಿಕಲ್ ಆಫೀಸರ್ ಕೆಲಸ. ಮುಂದಿನ ಸಲ "ಡಾಕ್ಟ್ರನ್ನ ಕೇಳಿ ಹೇಳಿ" ಅನ್ನಿ.

ಬಿಪಿ: ಮಾತ್ರೆ ತಗೊಳ್ತಿದ್ರೂ ಪರವಾಗಿಲ್ಲ, ಅವತ್ತು ನೋಡಿದಾಗ ಮೇಲಿಂದು 100ರಿಂದ 140, ಕೆಳಗಿಂದು 60ರಿಂದ 90ರ ಒಳಗಿರಬೇಕು. ಆದ್ರೆ ನೀವು ಒಂದು ಮಾತು ಮಧ್ಯ ಹೇಳ್ಬಿಟ್ರಿ ನೋಡಿ, ಎರಡು ವಾರದ ಹಿಂದೆ 20ರಿಂದ 40 ಮಾಡಿದಾರೆ ಅಂತ. ಬಿಪಿ ಮಾತ್ರೆಯಾಗ್ಲಿ ಶುಗರ್ ಮಾತ್ರೆಯಾಗ್ಲಿ, ಡೋಸ್ ಬದಲಾಗಿ ನಾಲ್ಕು ವಾರ ಆಗಿರಬೇಕು. ಹೊಸ ಡೋಸಿಗೆ ಮೈ ಹೊಂದ್ಕೊಳ್ಳೋ ಮುಂಚೆ ರಕ್ತ ತೆಗೆದ್ರೆ ಬಿಪಿ ದಬಕ್ಕಂತ ಬೀಳಬಹುದು. ಹಾಗಾಗಿ ಈಗ ಬೇಡ, ಇನ್ನೆರಡು ವಾರ ಕಳೀಲಿ.

ಥೈರಾಯ್ಡ್: ಕಡಿಮೆ ಇದ್ದು ಮಾತ್ರೆ ತಗೊಂಡು ಟಿಎಸ್‌ಎಚ್ ನಾರ್ಮಲ್ ಬಂದಿದ್ರೆ ತಗೊಳ್ತಾರೆ. ಟೆಸ್ಟ್ ಮಾಡ್ಸಿ ವರ್ಷಗಟ್ಟಲೆ ಆಗಿದ್ರೆ, ಇಲ್ಲಾ ಇನ್ನೂ ತನಿಖೆ ನಡೀತಿದ್ರೆ ಮುಂದೂಡ್ತಾರೆ. ಗ್ರೇವ್ಸ್ ಕಾಯಿಲೆ, ಥೈರಾಯ್ಡ್ ಕ್ಯಾನ್ಸರ್ ಆಗಿದ್ದೋರಿಂದ ಇಲ್ಲ. ಇತ್ತೀಚಿನ ರಿಪೋರ್ಟ್ ಮೊಬೈಲಲ್ಲಿ ಫೋಟೋ ತೆಗ್ದಿಟ್ಕೊಂಡು ಹೋಗಿ, ಅರ್ಧ ಮಾತು ಅಲ್ಲೇ ಮುಗಿಯತ್ತೆ. ಮಾತ್ರೆ ಚೀಟಿಯೂ ಇರ್ಲಿ.

ಮಾಮೂಲಿ ಲೆಕ್ಕಗಳು ನಿಮಗೆ ಗೊತ್ತೇ ಇರತ್ತೆ, ವಯಸ್ಸು 18ರಿಂದ 65, ತೂಕ 45 ಕೆಜಿ ಮೇಲೆ (450 ಎಂಎಲ್ ಬ್ಯಾಗಿಗೆ 55 ಮೇಲೆ), ಹಿಮೋಗ್ಲೋಬಿನ್ 12.5, ಗಂಡಸರಿಗೆ ಮೂರು ತಿಂಗಳ ಅಂತರ ಹೆಂಗಸರಿಗೆ ನಾಲ್ಕು.

ಈ ಹಿಮೋಗ್ಲೋಬಿನ್ ವಿಷ್ಯ ಶುಗರ್‌ನೋರಿಗೆ ಯಾರೂ ಬಿಡಿಸಿ ಹೇಳಲ್ಲ. ವರ್ಷಾನುಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡ್ರೆ ಕೆಲವರಿಗೆ ಬಿ12 ಇಳಿಯತ್ತೆ, ಅದರಿಂದ ರಕ್ತ ಕಡಿಮೆ ಆಗಬಹುದು. ನಮ್ಮಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತಾನ ನೀಲಿ ಬಣ್ಣದ ಕಾಪರ್ ಸಲ್ಫೇಟ್ ನೀರಿಗೆ ಬಿಡ್ತೀವಲ್ಲ, ಹನಿ ಗುಂಡಗೆ ಹಾಗೇ ತಳಕ್ಕೆ ಇಳಿದ್ರೆ ಓಕೆ, ಮಧ್ಯದಲ್ಲಿ ತೇಲಾಡ್ತಾ ಮೇಲೆ ಬಂದ್ರೆ 12.5 ಇಲ್ಲ ಅಂತ. ಗಟ್ಟಿಮುಟ್ಟಾಗಿ ಕಾಣೋ ಗಂಡಸರ ಹನೀನೂ ತೇಲಿರೋದು ನೋಡಿದೀನಿ. ಒಂದ್ಸಲ ಬಿ12 ನೋಡಿಸ್ಕೊಳ್ಳಿ.

ಇನ್ನೊಂದು ಮುಖ್ಯ. ರಕ್ತ ಕೊಟ್ಟ ಮೇಲೆ ಎರಡು ಮೂರು ತಿಂಗಳು ನಿಮ್ಮ ಆ ಸರಾಸರಿ ಶುಗರ್ ಟೆಸ್ಟು ಇರೋದಕ್ಕಿಂತ ಕಡಿಮೆ ತೋರಿಸಬಹುದು. ಕೆಂಪು ಕಣಕ್ಕೆ ಸುಮಾರು 120 ದಿನ ಆಯಸ್ಸು, ಹಳೆ ಕಣ ಹೋಗಿ ಹೊಸದು ಜಾಸ್ತಿ ಆದಾಗ ಅದಕ್ಕೆ ಸಕ್ಕರೆ ಅಂಟೋಕೆ ಟೈಮೇ ಸಿಕ್ಕಿರಲ್ಲ. 6.8 ಇದ್ದಿದ್ದು 6.3 ಆಯ್ತು ಅಂತ ಖುಷಿಯಾಗಿ ಮಾತ್ರೆ ಬಿಟ್ಬಿಡ್ಬೇಡಿ. ನಿಮ್ಮ ಡಾಕ್ಟ್ರಿಗೆ "ಇಂಥ ದಿನ ರಕ್ತ ಕೊಟ್ಟಿದ್ದೆ" ಅಂತ ಹೇಳಿ, ಇಲ್ಲಾಂದ್ರೆ ಟೆಸ್ಟು ಮಾಡ್ಸಿ ಆಮೇಲೆ ರಕ್ತ ಕೊಡಿ.

ಅವತ್ತು ಊಟ ಬಿಟ್ಟು ಬರಬೇಡಿ, ಏಕಾದಶಿ ಉಪವಾಸ ಅಂತೆಲ್ಲ ಇದ್ರೆ ಬೇರೆ ದಿನ ಬನ್ನಿ. ಮಾತ್ರೆ ತಪ್ಪಿಸಬೇಡಿ. ಎರಡು ಲೋಟ ನೀರು ಕುಡಿದು ಬನ್ನಿ. ಕೊಟ್ಟಾದ್ಮೇಲೆ ಜ್ಯೂಸ್ ಕೊಡ್ತೀವಿ, ಶುಗರ್‌ನೋರು ಬೇಡ ಅಂತ ಕೈ ಆಡಿಸ್ತಾರೆ, ಪರವಾಗಿಲ್ಲ ಬಿಸ್ಕೆಟ್ಟು ನೀರು ತಗೊಂಡು ಕಾಲು ಗಂಟೆ ಕೂತ್ಕೊಳ್ಳಿ, ತಲೆ ಸುತ್ತಿದ್ರೆ ಮಾತ್ರ ನಾಚ್ಕೆ ಮಾಡದೆ ಜ್ಯೂಸ್ ಕುಡೀರಿ.

ತುಂಗಾತೀರ

ಅಬ್ಬಾ, ತುಂಬಾ ತುಂಬಾ ಥ್ಯಾಂಕ್ಸ್ ಸಾರ್. ಡೋಸ್ ಬದಲಾದ್ರೆ ಕಾಯಬೇಕು ಅನ್ನೋದು ನಂಗೆ ಕನಸಲ್ಲೂ ಹೊಳೆದಿರ್ಲಿಲ್ಲ. ಟಿಎಸ್‌ಎಚ್ ಎರಡು ತಿಂಗಳ ಹಿಂದಿನದಿದೆ, ನಾರ್ಮಲ್. ಬಿ12 ಈ ವಾರ ಮಾಡಿಸ್ತೀನಿ. ಕಾಲು ಜೋಮು ಗೀಮು ಏನಿಲ್ಲ. ಅಂಗಾಂಗ ದಾನದ ಬಗ್ಗೆ ಯಾರಾದ್ರೂ?

ಉಣಕಲ್_ಕೆರಿ

ನಮಸ್ಕಾರ್ರಿ, ನಾನು ಹುಬ್ಬಳ್ಳಿಯಾಂವ. ಅಂಗಾಂಗದ್ದು ನನಗ ಅಷ್ಟ ಗೊತ್ತಿಲ್ಲ, ಕಣ್ಣಿಂದು ಹೇಳ್ತೇನಿ, ನಮ್ಮನ್ಯಾಗ ಆಗೇತಿ.

ನಮ್ಮವ್ವಗ ಇಪ್ಪತ್ತು ವರ್ಷ ಸಕ್ರಿ ಕಾಯಿಲೆ ಇತ್ತರಿ, ಕಡೀ ಕಡೀಗೆ ಇನ್ಸುಲಿನ್ ಸೂಜಿ. ಎರಡೂ ಕಣ್ಣಿಗೆ ಪೊರಿ ಆಪರೇಷನ್ ಆಗಿತ್ತು, ದಪ್ಪ ಚಾಳೀಸು ಬ್ಯಾರೆ. ಆದ್ರ ಆಕಿ ಅಪ್ಪು ತೀರ್ಕೊಂಡಾಗ ಟೀವ್ಯಾಗ ನೋಡಿ "ನಂದೂ ಕೊಡ್ರಿ" ಅಂತ ಫಾರಂ ತರಿಸಿ ಹೆಬ್ಬಟ್ಟು ಒತ್ತಿದ್ಲು. ನಾವು ಮನಸಿನ್ಯಾಗ ಅಂದ್ಕೊಂಡಿದ್ವಿ, ಇಷ್ಟು ಕೆಟ್ಟ ಕಣ್ಣು ಯಾರ್ ತಗೋತಾರ ಅಂತ. ಹೋದ ವರ್ಷ ಮನ್ಯಾಗ ಮಲಗಿದಲ್ಲೇ ಹೋದ್ಲರಿ. ನಮ್ಮ ತಮ್ಮ ಫೋನ್ ಹಚ್ಚಿ ಎಲ್ಲಾ ಇದ್ದದ್ದ ಇದ್ದಂಗ ಹೇಳಿದ, ಸಕ್ರಿ ಐತಿ, ಪೊರಿ ತೆಗಿಸೇತಿ, ಬರ್ತೀರಿಲ್ಲೋ ಅಂತ. ಅವ್ರು "ಬರ್ತೇವ್ರಿ, ಫ್ಯಾನ್ ಬಂದ್ ಮಾಡ್ರಿ, ರೆಪ್ಪಿ ಮುಚ್ಚಿ ಮ್ಯಾಲೆ ಒದ್ದಿ ಹತ್ತಿ ಇಡ್ರಿ, ತಲಿ ಕೆಳಗ ಎರಡು ದಿಂಬು ಕೊಡ್ರಿ" ಅಂದ್ರು. ಆರು ತಾಸಿನೊಳಗ ತಗೀಬೇಕಂತ. ಫ್ಯಾನಿನ ಗಾಳಿಗೆ ಕಣ್ಣಿನ ಮ್ಯಾಲಿನ ಪದರ ಒಣಗತೈತಂತ, ಅದಕ್ಕ ಹಂಗ.

ದೊಡ್ಡ ಗದ್ಲ ಆತು ಮತ್ತ. ನಮ್ಮ ಸ್ವಾದರಮಾವ "ಮುಂದಿನ ಜನ್ಮದಾಗ ಕುರುಡಿ ಆಗಿ ಹುಟ್ಟತಾಳ" ಅಂತ ಬಾಗಲದಾಗ ನಿಂತ್ರು. ನಮ್ಮಕ್ಕ ಏನೂ ಮಾತಾಡ್ಲಿಲ್ಲ, ಟ್ರಂಕಿನ್ಯಾಗಿಂದ ಆ ಹೆಬ್ಬಟ್ಟಿನ ಕಾಗದ ತಂದು ಅವ್ರ ಕೈಯಾಗ ಕೊಟ್ಲು. ಮಾವ ಓದಿದ್ರು, ಸರದು ನಿಂತ್ರು. ಬಂದಾವರು ಇಬ್ಬರು ಸಣ್ಣ ಹುಡುಗೂರು, ಒಂದು ಪೆಟಗಿ. ಎಲ್ಲಾರನ್ನೂ ಹೊರಗ ಕಳಿಸಿ ಇಪ್ಪತ್ತು ಮಿನಿಟಿನ್ಯಾಗ ಮುಗಿಸಿದ್ರು, ಒಂದಿಷ್ಟು ರಕ್ತ ಟೆಸ್ಟಿಗೆ ತಗೊಂಡ್ರು. ಆಮ್ಯಾಲೆ ನೋಡಿದ್ರ ಅವ್ವನ ಮಾರಿ ಇದ್ದಂಗ ಇತ್ತರಿ, ಕಣ್ಣು ಮುಚ್ಚಿ ಮಲಗಿದಂಗ, ಬಂದ ಮಂದಿಗೆ ಗೊತ್ತ ಆಗ್ಲಿಲ್ಲ.

ಅದ್ರಾಗ ಒಬ್ಬಾಂವಗ ನಾ ಕೇಳಿದೆ, ಸಕ್ರಿ ಕಾಯಿಲೆ ಕಣ್ಣು ತಿಂತೈತಿ ಅಂತಾರಲ್ಲ, ಹೆಂಗ ನಡೀತೈತಿ ಅಂತ. ಆಂವ ಹೇಳಿದ, ಸಕ್ರಿಯಿಂದ ಕೆಡೋದು ಹೆಚ್ಚಾಗಿ ಕಣ್ಣಿನ ಹಿಂದಿನ ಪರದಿ, ರೆಟಿನಾ. ಪೊರಿ ಬರೋದು ನಡುವಿನ ಲೆನ್ಸಿಗೆ. ಇನ್ನೊಬ್ಬರಿಗೆ ಹಾಕೋದು ಮುಂದಿನ ಗಾಜಿನಂಥ ಪದರ, ಕಾರ್ನಿಯಾ. ಅದನ್ನ ಲ್ಯಾಬಿನ್ಯಾಗ ಸೂಕ್ಷ್ಮದರ್ಶಕದಾಗ ನೋಡಿ ಜೀವಕೋಶ ಎಣಿಸಿ, ಚಲೋ ಇದ್ರ ಹಾಕ್ತಾರ, ಇಲ್ಲಂದ್ರ ಡಾಕ್ಟರ್ ಹುಡುಗೂರು ಕಲಿಯಾಕ, ಸಂಶೋಧನಾಕ್ಕ ಬಳಸ್ತಾರ. ಚಾಳೀಸು, ಬಿಪಿ, ಸಕ್ರಿ, ಅಸ್ತಮಾ ಯಾವುದೂ ಅಡ್ಡಿ ಇಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತ ಸಿ, ನಾಯಿ ಕಡದ ಬರೋ ರೇಬಿಸ್, ರಕ್ತದ ಕ್ಯಾನ್ಸರ್, ಮೈ ತುಂಬ ನಂಜು ಏರಿ ತೀರ್ಕೊಂಡಾರು ಇಂಥಾದ್ದಕ್ಕ ಬ್ಯಾಡ ಅಂತಾರ. ಯಾರಿಗೆ ಹಾಕಿದ್ರು ಅಂತ ಹೇಳೂದಿಲ್ಲರಿ, ಅದು ಪದ್ಧತಿ.

ಅಪ್ಪು ಹಾರ್ಟ್ ಅಟ್ಯಾಕ್ ಆಗೇ ಹೋಗಿದ್ದಲ್ಲ 2021ರಾಗ, ಆದ್ರೂ ಅವ್ರ ಎರಡು ಕಣ್ಣಿನಿಂದ ನಾಲ್ಕು ಮಂದಿಗೆ ದೃಷ್ಟಿ ಬಂತು. ಕಾರ್ನಿಯಾದ ಮ್ಯಾಲಿನ ಪದರ ಇಬ್ಬರಿಗೆ, ಒಳಗಿನ ಪದರ ಇಬ್ಬರಿಗೆ ಅಂತ ಬ್ಯಾರೆ ಬ್ಯಾರೆ ಮಾಡಿ ನಾರಾಯಣ ನೇತ್ರಾಲಯದಾಗ ಹಾಕಿದ್ರು. ಅಣ್ಣಾವ್ರದ್ದೂ 2006ರಾಗ ಹಂಗ ಕೊಟ್ಟಿದ್ರು. ಹಾರ್ಟ್ ಪೇಷಂಟ್ ನಾನು, ನಂದೇನ್ ನಡೀತೈತಿ ಅನ್ನಾವ್ರಿಗೆ ಇದನ್ನ ಹೇಳ್ರಿ.

ಪಿಲಿಕುಳ_ಅಕ್ಕ

ನಾನು ಮಂಗಳೂರಿನವಳು. ಇಲ್ಲಿವರೆಗೆ ಎಲ್ಲ ಸತ್ತ ಮೇಲೆ ಕೊಡುವುದು, ಇಲ್ಲ ರಕ್ತ. ಬದುಕಿರುವಾಗ ಕಿಡ್ನಿ ಕೊಡುವುದರ ಕಥೆಯೇ ಬೇರೆ ಮಾರಾಯ್ರೆ, ಅಲ್ಲಿ ಶುಗರಿಗೆ ಇಷ್ಟು ರಿಯಾಯಿತಿ ಇಲ್ಲ, ಅದಕ್ಕೇ ಬರೀತಾ ಇದ್ದೇನೆ.

ನಮ್ಮ ಮನೆಯವರಿಗೆ ಎರಡೂ ಕಿಡ್ನಿ ಹೋಗಿ ವಾರಕ್ಕೆ ಮೂರು ಡಯಾಲಿಸಿಸ್ ಇತ್ತು. ನನ್ನ ಗ್ರೂಪ್ ಮ್ಯಾಚ್ ಆಗ್ತದೆ, ನಾನು ಕೊಡ್ತೇನೆ ಅಂತ ಹೊರಟೆ. ನನಗೆ ಆಗ 44. ಫಾಸ್ಟಿಂಗ್ ಶುಗರ್ ಬಾರ್ಡರಲ್ಲಿ ಇತ್ತು, ಅದು ದೊಡ್ಡ ಸಂಗತಿ ಅಂತ ನಾನು ಎಣಿಸಲೇ ಇಲ್ಲ. ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆದರು, ನೋಡಿದರೆ ಶುಗರ್ ಉಂಟು. ನೆಫ್ರಾಲಜಿ ಡಾಕ್ಟರು ಅಲ್ಲಿಗೇ ಫೈಲ್ ಮುಚ್ಚಿದರು. ನಾನು ಜಗಳಕ್ಕೇ ಹೋದೆ, ನನ್ನ ಕಿಡ್ನಿ ನನ್ನ ಇಷ್ಟ ಅಂತ. ಅವರು ಕೂರಿಸಿ ಹೇಳಿದರು: ಇವತ್ತು ನಿಮ್ಮ ಕಿಡ್ನಿ ಚೆನ್ನಾಗಿಯೇ ಉಂಟು, ಅವರಿಗೆ ಹಾಕಿದರೆ ಕೆಲಸ ಮಾಡಲೂಬಹುದು, ಆದರೆ ನಿಮ್ಮಲ್ಲಿ ಉಳಿಯುವುದು ಒಂದೇ, ಇನ್ನು ಇಪ್ಪತ್ತು ಮೂವತ್ತು ವರ್ಷ ಆ ಒಂದರ ಮೇಲೆಯೇ ಶುಗರಿನ ಹೊಡೆತ ಬೀಳ್ತದೆ, ಆಗ ಡಯಾಲಿಸಿಸ್ ಕುರ್ಚಿಯಲ್ಲಿ ನೀವು ಕೂರಬೇಕಾಗ್ತದೆ ಅಂತ. ಮತ್ತೆ ನಾನು ಮಾತಾಡಲಿಲ್ಲ.

ಕೊನೆಗೆ ಕೊಟ್ಟದ್ದು ಯಾರು ಗೊತ್ತುಂಟಾ, 62 ವರ್ಷದ ನಮ್ಮ ಅತ್ತೆ! ಅವರಿಗೆ ಬಿಪಿ ಉಂಟು, ದಿನಕ್ಕೊಂದು ಮಾತ್ರೆ. 24 ಗಂಟೆ ಮೂತ್ರ ಕ್ಯಾನಿನಲ್ಲಿ ಹಿಡಿದು ಪ್ರೋಟೀನ್ ನೋಡಿದರು, ಡಿಟಿಪಿಎ ಸ್ಕ್ಯಾನ್ ಮಾಡಿ ಎರಡು ಕಿಡ್ನಿ ಎಷ್ಟೆಷ್ಟು ಕೆಲಸ ಮಾಡ್ತದೆ ಅಂತ ಅಳೆದರು, ಹಾರ್ಟ್, ಕಣ್ಣು, ಎಲ್ಲ ನೋಡಿದರು. ಒಂದೇ ಮಾತ್ರೆಯಲ್ಲಿ ಬಿಪಿ ಹದದಲ್ಲಿ ಉಂಟು, ಕಿಡ್ನಿಗೆ ಹಾನಿ ಆಗಲಿಲ್ಲ, ವಯಸ್ಸೂ ಆಗಿದೆ ಅಂತ ಒಪ್ಪಿದರು. 44ರವಳು ಫೇಲು, 62ರವರು ಪಾಸು. ಅತ್ತೆ ಈಗಲೂ ಅದನ್ನು ನೆಂಟರ ಎದುರು ಹೇಳಿ ನನ್ನನ್ನು ಆಡಿಕೊಳ್ತಾರೆ, ಆಡಿಕೊಳ್ಳಲಿ.

ಗ್ರೂಪ್ ಹೊಂದದವರಿಗೆ ಇನ್ನೊಂದು ದಾರಿ, ಸ್ವಾಪ್. ನಮ್ಮದು ನಿಮಗೆ ನಿಮ್ಮದು ನಮಗೆ ಅಂತ ಎರಡು ಕುಟುಂಬ ಬದಲಾಯಿಸಿಕೊಳ್ಳುವುದು, 2011ರ ತಿದ್ದುಪಡಿಯಲ್ಲಿ ಕಾನೂನು ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಆದರೆ ಶುಗರ್ ಇರುವವರಿಗೆ ಅದರಿಂದ ಏನೂ ಆಗುವುದಿಲ್ಲ, ಯಾರಿಗೆ ಕೊಟ್ಟರೂ ನಮ್ಮಲ್ಲಿ ಉಳಿಯುವುದು ಒಂದೇ ಅಲ್ಲವಾ.

ಬುಲೆಟ್_ಬಾಸ್

ಸರಿ ಸರಿ ಟಿಕ್ ವಿಷ್ಯ ಬಿಡಿ. ಆದ್ರೆ ಅಂಗಾಂಗ ದಾನಕ್ಕೆ ಸೈನ್ ಹಾಕಿದೀನಿ ಅಂತ ಗೊತ್ತಾದ್ರೆ ಆಸ್ಪತ್ರೆಯೋರು ಉಳಿಸೋಕೇ ನೋಡಲ್ಲ ಅಂತಾರಲ್ಲ, ಅದಕ್ಕೇನಂತೀರಾ? ಬ್ರೈನ್ ಡೆಡ್ ಅಂತ ಹೇಳಿ ತೆಗ್ದುಬಿಟ್ರೆ?

ನೈಟ್_ಡ್ಯೂಟಿ

ನಾನು ಐಸಿಯು ಸ್ಟಾಫ್ ನರ್ಸ್. ಬಾಸ್ ಕೇಳಿದ್ದು ವಾರಕ್ಕೊಬ್ರಾದ್ರೂ ಕೇಳ್ತಾರೆ, ಕೇಳೋದು ತಪ್ಪಲ್ಲ. ಮಿದುಳು ಸತ್ತಿದೆ ಅಂತ ಒಬ್ಬ ಡಾಕ್ಟ್ರು ಹೇಳಿದ್ರೆ ಆಗಲ್ಲ. 1994ರ ಕಾಯ್ದೆ ಪ್ರಕಾರ ನಾಲ್ಕು ಜನ ಡಾಕ್ಟ್ರ ತಂಡ ಬೇಕು, ಕಸಿ ಮಾಡೋ ತಂಡದವ್ರು ಅದ್ರಲ್ಲಿ ಇರೋ ಹಾಗಿಲ್ಲ, ಒಂದ್ಸಲ ಪೂರ್ತಿ ಪರೀಕ್ಷೆ ಮಾಡಿ ಕಡಿಮೆ ಅಂದ್ರೆ ಆರು ಗಂಟೆ ಬಿಟ್ಟು ಮತ್ತೆ ಅದೇ ಪರೀಕ್ಷೆ ಮಾಡ್ಬೇಕು. ಕಣ್ಣಿಗೆ ಟಾರ್ಚ್ ಬಿಟ್ಟು, ಗಂಟಲಿಗೆ ಟ್ಯೂಬ್ ಹಾಕಿ ಕೆಮ್ಮು ಬರತ್ತಾ ನೋಡಿ, ಕಿವಿಗೆ ತಣ್ಣೀರು ಬಿಟ್ಟು, ಕೊನೆಗೆ ವೆಂಟಿಲೇಟರ್ ತಪ್ಪಿಸಿ ತಾನಾಗೇ ಒಂದಾದ್ರೂ ಉಸಿರು ಎಳೀತಾರಾ ಅಂತ ಕಾಯ್ತಾರೆ. ಮನೆಯೋರು ಒಪ್ಪದಿದ್ರೆ ನೀವು ಏನೇ ಸೈನ್ ಹಾಕಿರಿ, ಯಾರೂ ಮುಟ್ಟಲ್ಲ. ಅದಕ್ಕೇ ತುಂಗಾತೀರ ಅವ್ರೇ, ಕಾರ್ಡಿಗಿಂತ ಮೊದ್ಲು ನಿಮ್ಮ ಮನೆಯೋರ ಹತ್ರ ಸೀರಿಯಸ್ಸಾಗಿ ಮಾತಾಡಿ, ಅವತ್ತು ನಮ್ಮ ಮುಂದೆ ಹೂಂ ಅನ್ನಬೇಕಾಗಿರೋದು ಅವರೇ.

ಈಗ ಅವರ ತಮಾಷೆಗೆ ಉತ್ತರ. ಹೆಸರು ಬರೆಸೋವಾಗ ಯಾವ ಕಾಯಿಲೆ ಇದ್ರೂ ಅಡ್ಡಿ ಇಲ್ಲ. ಕರ್ನಾಟಕದಲ್ಲಿ ಇದನ್ನ ನೋಡ್ಕೊಳ್ಳೋದು ಜೀವಸಾರ್ಥಕತೆ, ಅವರ ವೆಬ್‌ಸೈಟಲ್ಲಿ ಬರೆಸಬಹುದು, ಇಲ್ಲಾ ಕೇಂದ್ರದ ನೋಟ್ಟೋ ಸೈಟಲ್ಲಿ ಆಧಾರ್ ಒಟಿಪಿ ಹಾಕಿ. ಕೊಡಬಹುದಾ ಅಂತ ನೋಡೋದು ಆ ದಿನ, ಅದೂ ಒಂದೊಂದು ಅಂಗಾನ ಬೇರೆ ಬೇರೆಯಾಗಿ. ಹತ್ತು ವರ್ಷ ಶುಗರ್ ಇದ್ದೋರ ಕ್ರಿಯೇಟಿನಿನ್ ನಾರ್ಮಲ್ ಇದ್ದು ಮೂತ್ರದಲ್ಲಿ ಪ್ರೋಟೀನ್ ಹೋಗ್ದೇ ಇದ್ರೆ ಕಿಡ್ನೀನೂ ನಡೆಯಬಹುದು, ಅನುಮಾನ ಬಂದ್ರೆ ಚೂರು ಬಯಾಪ್ಸಿ ತೆಗೆದು ನೋಡ್ತಾರೆ. ಲಿವರ್‌ಗೆ ಕೊಬ್ಬು ಎಷ್ಟಿದೆ ಅಂತ ಸ್ಕ್ಯಾನಿಂಗು, ಹಾರ್ಟಿಗೆ ಎಕೋ, ಬೇಕಿದ್ರೆ ಆಂಜಿಯೋ. ಶುಗರ್ ಇದ್ದೋರದ್ದು ಮೇದೋಜೀರಕ ಗ್ರಂಥಿ ಮಾತ್ರ ತಗೊಳ್ಳಲ್ಲ, ಅದೇ ತಾನೇ ಕೈ ಕೊಟ್ಟಿರೋದು. ಥೈರಾಯ್ಡ್ ಮಾತ್ರೆ ಯಾರಿಗೂ ತೊಂದ್ರೆ ಇಲ್ಲ. ಮೇಲೆ ಮಂಗಳೂರಿನ ಅಕ್ಕ ಹೇಳಿದ್ರಲ್ಲ, ಅಲ್ಲಿ ಕೊಟ್ಟೋರ ಮುಂದಿನ ಜೀವನ ನೋಡಬೇಕು, ಅದಕ್ಕೇ ಅಷ್ಟು ಬಿಗಿ. ಇಲ್ಲಿ ಆ ಯೋಚ್ನೆ ಇಲ್ಲ, ತಗೊಳ್ಳೋರಿಗೆ ಕೆಲಸಕ್ಕೆ ಬರತ್ತಾ ಅನ್ನೋದಷ್ಟೇ.

ಒಂದು ಮಾತು ಸ್ಪಷ್ಟ ಇರ್ಲಿ, ಮನೇಲಿ ಎದೆಬಡಿತ ನಿಂತು ತೀರ್ಕೊಂಡ್ರೆ ಕಿಡ್ನಿ ಲಿವರ್ ಹಾರ್ಟ್ ಆಗಲ್ಲ. ಅವೆಲ್ಲ ಐಸಿಯುನಲ್ಲಿ ವೆಂಟಿಲೇಟರ್ ಮೇಲೆ ರಕ್ತ ಓಡ್ತಿರುವಾಗ್ಲೇ ಆಗಬೇಕು, ಹೆಚ್ಚಾಗಿ ಆಕ್ಸಿಡೆಂಟು ಇಲ್ಲಾ ಮಿದುಳಿನ ರಕ್ತಸ್ರಾವ. 2021ರಲ್ಲಿ ಬೈಕ್ ಬಿದ್ದು ಹೋದ ಸಂಚಾರಿ ವಿಜಯ್ ಅವರ ಅಂಗಾಂಗ ಕೊಟ್ಟಿದ್ದು ಹಾಗೇನೇ. ಮನೇಲಿ ಹೋದ್ರೆ ಕಣ್ಣು ಇದೆ, ಚರ್ಮ ಇದೆ, ಬೆಂಗಳೂರಲ್ಲಾದ್ರೆ ವಿಕ್ಟೋರಿಯಾದಲ್ಲೇ ಚರ್ಮದ ಬ್ಯಾಂಕ್ ಇದೆ, ಸುಟ್ಟಗಾಯದೋರಿಗೆ ಅದು ಬಹಳ ಬೇಕು. ಟೀವಿಯಲ್ಲಿ ಜೀರೋ ಟ್ರಾಫಿಕ್ ಆಂಬುಲೆನ್ಸ್ ತೋರಿಸ್ತಾರಲ್ಲ, ಅದೊಂದೇ ದಾನ ಅಂತ ಜನ ಅಂದ್ಕೊಂಡ್ಬಿಟ್ಟಿದಾರೆ.

ಡಲ್ಲಾಸ್_ಕನ್ನಡಿಗ

ಗೂಗಲಲ್ಲಿ ಒಂದೊಂದು ಕಡೆ ಒಂದೊಂದು ಥರ ಇದೆ ಅಂದ್ರಲ್ಲ, ಅದಕ್ಕೆ ಕಾರಣ ದೇಶ. ನಾನಿರೋ ಅಮೆರಿಕಾದಲ್ಲಿ ಇನ್ಸುಲಿನ್ ತಗೊಳ್ತಿದ್ರೂ ಶುಗರ್ ಹದದಲ್ಲಿದ್ರೆ ರೆಡ್ ಕ್ರಾಸ್‌ನೋರು ರಕ್ತ ತಗೊಳ್ತಾರೆ. ಇಂಗ್ಲೆಂಡಲ್ಲಿರೋ ನಮ್ಮ ಭಾವನಿಗೆ ಇನ್ಸುಲಿನ್ ಅಂದಿದ್ದಕ್ಕೆ ಬೇಡ ಅಂದ್ರು. ಇಂಗ್ಲಿಷಲ್ಲಿ ಹುಡುಕಿದ್ರೆ ಇವೆರಡೂ ದೇಶದ್ದೇ ಮೇಲೆ ಬರೋದು, ಇಂಡಿಯಾದ್ದು ಎಲ್ಲೋ ಮೂರನೇ ಪೇಜಲ್ಲಿ ಬಿದ್ದಿರತ್ತೆ. ಊರಿಗೆ ಬಂದಾಗ ಕೊಡೋರು ಅಲ್ಲಿನ ರೂಲ್ಸ್ ನೋಡ್ಕೊಳ್ಳಿ.

ತುಂಗಾತೀರ

ಎಲ್ರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲ್ದು. ಇದನ್ನ ಮನೆಯವಳಿಗೆ ಓದೋಕೆ ಕೊಟ್ಟೆ, ಹುಬ್ಬಳ್ಳಿಯೋರ ಅವ್ವನ ಕಥೆ ಎರಡ್ಸಲ ಓದಿದ್ಲು, ತನ್ನ ಹೆಸರೂ ಬರೆಸು ಅಂದ್ಲು (ಕಣ್ಣಿಗೆ ಮಾತ್ರ ಅಂತೆ ಸದ್ಯಕ್ಕೆ, ಆಗ್ಲಿ). ಲ್ಯಾಬ್ ಕೋಟು ಸಾರ್, ಕೊನೇದೊಂದು. ನಮ್ಮ ಅಣ್ಣನೂ ಓ ನೆಗೆಟಿವ್ವೇ, 52 ವರ್ಷ, ಶುಗರ್ ಇಲ್ಲ, ಆದ್ರೆ ಎಕೋಸ್ಪ್ರಿನ್ 75 (ಆಸ್ಪಿರಿನ್ ಮಾತ್ರೆ) ಮತ್ತು ಕೊಲೆಸ್ಟ್ರಾಲ್ ಮಾತ್ರೆ ತಗೊಳ್ತಾನೆ. ನನ್ನ ಜೊತೆ ಅವನನ್ನೂ ಕರ್ಕೊಂಡು ಬರ್ಲಾ?

ಲ್ಯಾಬ್_ಕೋಟು

ಕೊಲೆಸ್ಟ್ರಾಲ್ ಮಾತ್ರೆಗೆ ಏನೂ ಇಲ್ಲ. ಎಕೋಸ್ಪ್ರಿನ್ ಯಾಕೆ ಬರ್ಕೊಟ್ಟಿದಾರೆ ಅಂತ ಮೊದ್ಲು ಕೇಳಿ. ಹಾರ್ಟ್ ಅಟ್ಯಾಕ್ ಆಗಿದೆ, ಸ್ಟೆಂಟ್ ಹಾಕಿದಾರೆ ಅಂದ್ರೆ ಅವರು ಕೊಡೋ ಹಾಗಿಲ್ಲ, ಮಾತ್ರೆ ಬಿಟ್ಟು ಬಂದ್ರೂ ಇಲ್ಲ. ಅಂಥೋರು ಆ ಮಾತ್ರೆ ಒಂದಿನಾನೂ ಬಿಡಬಾರ್ದು. ಅಂಥದ್ದೇನೂ ಆಗಿಲ್ಲ, ಸುಮ್ನೆ ಮುನ್ನೆಚ್ಚರಿಕೆಗೆ ಕೊಟ್ಟಿದಾರೆ ಅಂದ್ರೆ ರಕ್ತ ತಗೊಳ್ತೀವಿ, ಆದ್ರೆ ಮೂರು ದಿನದೊಳಗೆ ಆಸ್ಪಿರಿನ್ ನುಂಗಿದ್ರೆ ಆ ಬ್ಯಾಗಿಂದ ಪ್ಲೇಟ್‌ಲೆಟ್ ಮಾಡಲ್ಲ, ಕೆಂಪು ಕಣ ಮಾತ್ರ ಬಳಸ್ತೀವಿ. ಓ ನೆಗೆಟಿವ್‌ನಲ್ಲಿ ನಮಗೆ ಬೇಕಾಗಿರೋದೂ ಅದೇ. ಬರುವಾಗ ಅಣ್ಣನ ಮಾತ್ರೆ ಚೀಟಿ ಮರೀಬೇಡಿ, ಮತ್ತೆ ಇಬ್ರೂ ಒಂದೇ ದಿನ ಬರಬೇಡಿ. ನೀವು ಕೊಟ್ಟ ಮೇಲೆ ಒಂದೂವರೆ ತಿಂಗಳು ಬಿಟ್ಟು ಅವರು ಬರ್ಲಿ. ಕೆಂಪು ಕಣ ಫ್ರಿಜ್ಜಲ್ಲಿ ಇಟ್ರೂ ಹೆಚ್ಚಂದ್ರೆ 42 ದಿನ, ಒಟ್ಟಿಗೆ ಕೊಟ್ರೆ ಒಟ್ಟಿಗೇ ಖಾಲಿ ಆಗತ್ತೆ.